ಸ್ಟೀಕ್ ಮನೆಯಲ್ಲಿ, ಹಾಟ್ ಡಾಗ್ ಕಡಲ ಬದಿಯಲ್ಲಿ

ಒಮ್ಮೆ ಮಂಗಳೂರಿನದ್ದೇ ಒಂದು ಹೋಟೆಲಿನಲ್ಲಿ ಸ್ಟೀಕ್, ಅಂದರೆ ಬಿಸಿ ಕಾವಲಿಯಲ್ಲಿ ಕಾಯಿಸಿದ ದಪ್ಪ ಮಾಂಸದ ತುಂಡು, ಹೇಳಿದೆ. "ಒಳಗೆ ಸ್ವಲ್ಪ ರಸ ಇರಲಿ, ಜಾಸ್ತಿ ಬೇಯಿಸಬೇಡಿ" ಅಂದೆ. ಹುಡುಗ ತಲೆಯಾಡಿಸಿ ಹೋದ. ಅರ್ಧ ಗಂಟೆ ಬಿಟ್ಟು, ಕಾದ ಕಬ್ಬಿಣದ ತಟ್ಟೆಯ ಮೇಲೆ ಚುಂಯ್ ಅನ್ನುತ್ತಾ, ಹೊಗೆ ಎಬ್ಬಿಸುತ್ತಾ ಬಂತು. ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. ಮೇಲೆ ಕಂದು ಸಾಸ್, ಕೆಳಗೆ ಎಲೆಕೋಸು, ಎಲ್ಲೋ ಮಧ್ಯದಲ್ಲಿ ಮಾಂಸ. ಚೂರಿ ಹಾಕಿದರೆ ಚಪ್ಪಲಿ!

ಪೂರ್ತಿ ತಪ್ಪು ಅಡುಗೆಯವರದ್ದು ಅನ್ನಲಾರೆ. ಆ ಸಿಜ್ಲರ್ ತಟ್ಟೆ ಮೇಜಿಗೆ ಬಂದ ಮೇಲೂ ಒಲೆಯ ಕೆಲಸ ಮಾಡುತ್ತಲೇ ಇರುತ್ತದೆ. ನಾವು ಫೋಟೊ ತೆಗೆದು ಮುಗಿಸುವಷ್ಟರಲ್ಲಿ ಮಾಂಸ ಇನ್ನೊಂದು ಸುತ್ತು ಬೆಂದಿರುತ್ತದೆ. ಹೊರಗೆ ತಿನ್ನಲೇಬೇಕು ಅಂತಿದ್ದರೆ ಎರಡು ಮಾತು ಮೊದಲೇ ಹೇಳಿಬಿಡಿ: ಮಾಮೂಲಿ ಪ್ಲೇಟಿನಲ್ಲಿ ಕೊಡಿ, ಸಾಸ್ ಬೇರೆ ಬಟ್ಟಲಲ್ಲಿ ಕೊಡಿ.

ಅವತ್ತಿನಿಂದ ನಾನು ಸ್ಟೀಕ್ ತಿನ್ನುವುದು ಮನೆಯಲ್ಲೇ, ಒಲೆಯಿಂದ ಎರಡು ಹೆಜ್ಜೆ ದೂರದಲ್ಲಿ ಕೂತು. ಬನ್ನಿನೊಳಗೆ ಸಾಸೇಜ್ (ಕೊಚ್ಚಿದ ಮಾಂಸ ತುಂಬಿದ ಉದ್ದ ಸುರುಳಿ) ಇಟ್ಟ ಹಾಟ್ ಡಾಗ್ ಮಾತ್ರ ಇದಕ್ಕೆ ಪೂರ್ತಿ ಉಲ್ಟಾ. ಊಟದ ಮೇಜಿನಲ್ಲಿ ಪ್ಲೇಟ್ ಇಟ್ಟು ತಿಂದರೆ ಅದು ಸುಮ್ನೆ ಒಂದು ಬ್ರೆಡ್ಡು. ಮನೆಯಲ್ಲಿ ಮಾಡಿ, ಹೊರಗೆ ಒಯ್ದು, ಗಾಳಿಗೆ ನಿಂತು ತಿನ್ನಬೇಕು. ಎರಡನ್ನೂ ನಾನು ಮಾಡುವ ಕ್ರಮ ಹೀಗೆ.

ಮೊದಲು, ಯಾವ ಮಾಂಸ?

ಅಮೆರಿಕದವರಿಗೆ ಸ್ಟೀಕ್ ಅಂದರೆ ದನದ ಮಾಂಸ. ಇಲ್ಲಿ ಹಾಗಲ್ಲ. 2020ರ ಕಾಯ್ದೆಯ ಪ್ರಕಾರ ಕರ್ನಾಟಕದಲ್ಲಿ ಹಸು, ಕರು, ಎತ್ತುಗಳ ವಧೆಗೆ ಅವಕಾಶವಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರ ಇದ್ದರೆ. ಕಾನೂನಿನ ಮಾತು ಅಷ್ಟಕ್ಕಿರಲಿ, ಅಡುಗೆಯ ಲೆಕ್ಕ ನೋಡಿ. 13 ವರ್ಷ ನಡೆದಾಡಿದ ಪ್ರಾಣಿಯ ಮಾಂಸದಲ್ಲಿ ನಾರು ಗಟ್ಟಿ. ಅದು ಮೆತ್ತಗಾಗಲು ಗಂಟೆಗಟ್ಟಲೆ ಸಣ್ಣ ಉರಿ ಬೇಕು. ಹತ್ತು ನಿಮಿಷದ ಕಾವಲಿ ಕೆಲಸಕ್ಕೆ ಅದು ಬಗ್ಗುವುದಿಲ್ಲ.

ಹಾಗಾಗಿ ಮಂಗಳೂರಿನಲ್ಲಿ ಸ್ಟೀಕಿಗೆ ನನ್ನ ಆಯ್ಕೆ ಹಂದಿ ಮಾಂಸ. ಈ ಊರಿನ ಕ್ರಿಶ್ಚಿಯನ್ ಮನೆಗಳಲ್ಲಿ ದುಕ್ರಾ ಮಾಸ್ (ಕೊಂಕಣಿಯಲ್ಲಿ ಹಂದಿ ಮಾಂಸ) ಇಲ್ಲದೆ ಹಬ್ಬವೇ ಇಲ್ಲ, ಆದ್ದರಿಂದ ಒಳ್ಳೆಯ ಮಾಂಸ ಸಿಗುವುದು ಕಷ್ಟವಲ್ಲ.

ಹಂದಿ ಬೇಡ ಅನ್ನುವವರು ಬೇಸರ ಮಾಡಬೇಡಿ. ನೀವು ಸ್ಟೀಕ್ ತಿನ್ನುತ್ತಲೇ ಬಂದಿದ್ದೀರಿ, ಹೆಸರು ಗೊತ್ತಿರಲಿಲ್ಲ ಅಷ್ಟೆ. ಅಂಜಲ್ ಮೀನನ್ನು ಮುಳ್ಳಿನ ಸಮೇತ ಅಡ್ಡಕ್ಕೆ ಬಿಲ್ಲೆ ಹೊಡೆಯುತ್ತಾರಲ್ವಾ, ಆ ತುಂಡಿಗೆ ಇಂಗ್ಲಿಷಿನಲ್ಲಿ ಫಿಶ್ ಸ್ಟೀಕ್ ಅಂತಲೇ ಹೆಸರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ತಾಜಾ ಅಂಜಲಿನ ರೇಟು ಕೇಳಿ ಸುಮ್ಮನೆ ವಾಪಸು ಬರುವುದೇ ಸರಿ. ಮನೆಗೆ ಸಸ್ಯಾಹಾರಿ ನೆಂಟರು ಬಂದರೆ ಜೀಗುಜ್ಜೆಯನ್ನು (ದೀವಿ ಹಲಸು) ಒಂದು ಇಂಚು ದಪ್ಪಕ್ಕೆ ಕೊಯ್ದು, ಅರ್ಧ ಬೇಯಿಸಿ, ಇದೇ ಕ್ರಮದಲ್ಲಿ ಕಾಯಿಸಿ. ಅದಕ್ಕೆ ನಾನು ಸ್ಟೀಕ್ ಅನ್ನುವುದಿಲ್ಲ. ಆದರೆ ತಟ್ಟೆಯಲ್ಲಿ ಉಳಿದದ್ದೂ ಇಲ್ಲ.

ಹಂತ 1: ಅಂಗಡಿಯಲ್ಲಿ ಬಾಯಿ ಮೊದಲು, ಕತ್ತಿ ಆಮೇಲೆ

ಇದೇ ಅತಿ ಕಷ್ಟದ ಹಂತ. ನಮ್ಮ ಮಾಂಸದ ಅಂಗಡಿಯವರ ಕೈಗೆ ಗೊತ್ತಿರುವುದು ಒಂದೇ: ಸಾರಿನ ತುಂಡು. ಮೊದಲ ಸಲ ನಾನು "ಅರ್ಧ ಕಿಲೋ ಕೊಡಿ, ಸ್ಟೀಕಿಗೆ..." ಅನ್ನುವಷ್ಟರಲ್ಲಿ ಟಕ ಟಕ ಟಕ, ಹದಿನಾರು ತುಂಡು. ಅವರು ಚೀಲಕ್ಕೆ ಹಾಕಿ ತೂಗಿಯೂ ಆಗಿತ್ತು. ಅವತ್ತು ಮನೆಯಲ್ಲಿ ಬಫಾತ್, ಅಂದರೆ ನಮ್ಮ ಊರಿನ ಹಂದಿ ಸಾರು.

ಈಗ ನಾನು "ತುಂಡು ಮಾಡಬೇಡಿ" ಅಂತಲೇ ಮಾತು ಶುರು ಮಾಡುತ್ತೇನೆ. ಆಮೇಲೆ ಬೆನ್ನಿನ ಭಾಗ, ಒಂದು ಇಂಚು ದಪ್ಪ, ಅಂಚಿನ ಕೊಬ್ಬು ಇರಲಿ ಅಂತ ಹೇಳುತ್ತೇನೆ. ಬೆರಳಲ್ಲಿ ದಪ್ಪ ತೋರಿಸಿ, ನಾಚಿಕೆ ಬೇಡ. ತೆಳ್ಳಗೆ ಕೊಯ್ದರೆ ಹೊರಗೆ ಬಣ್ಣ ಬರುವ ಮೊದಲೇ ಒಳಗೆ ಒಣಗಿರುತ್ತದೆ. ಇಬ್ಬರಿಗೆ ಅರ್ಧ ಕಿಲೋ ಸಾಕು.

ಹಂತ 2: ಉಪ್ಪು ಮತ್ತು ತಾಳ್ಮೆ

ಅರ್ಧ ಕಿಲೋಗೆ ಒಂದು ಮಟ್ಟ ಟೀ ಚಮಚ ಪುಡಿ ಉಪ್ಪು. ಎರಡೂ ಬದಿಗೆ ಉದುರಿಸಿ ಕನಿಷ್ಠ 40 ನಿಮಿಷ ಬಿಡಿ. ಉಪ್ಪು ಮೊದಲು ಮಾಂಸದ ನೀರನ್ನು ಹೊರಗೆ ಎಳೆಯುತ್ತದೆ. ಹತ್ತು ನಿಮಿಷಕ್ಕೆ ನೋಡಿದರೆ ಮೇಲೆಲ್ಲ ಹನಿ ನಿಂತಿರುತ್ತದೆ. ಆಗ ಕಾವಲಿಗೆ ಹಾಕಿದರೆ ಅದು ಹುರಿಯುವುದಿಲ್ಲ, ಬೇಯುತ್ತದೆ. ಇನ್ನೂ ಬಿಟ್ಟರೆ ಆ ಉಪ್ಪುನೀರು ನಿಧಾನಕ್ಕೆ ಒಳಗೆ ಹೋಗುತ್ತದೆ.

ನಾನು ಹಿಂದಿನ ರಾತ್ರಿಯೇ ಉಪ್ಪು ಹಾಕಿ, ಮುಚ್ಚದೆ, ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ ಇಡುತ್ತೇನೆ. ನಮ್ಮ ಊರಿನ ಗಾಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮಾಂಸ ಒಣಗುತ್ತದಾ? ಫ್ರಿಜ್ಜಿನ ಒಳಗಿನ ಗಾಳಿ ಒಣ. ಬೆಳಗ್ಗೆ ಮೇಲ್ಮೈ ಮುಟ್ಟಿದರೆ ಕಾಗದದ ಹಾಗೆ ಇರಬೇಕು. ಕಾಯಿಸುವ ಮೊದಲು ಶುದ್ಧ ಬಟ್ಟೆಯಲ್ಲಿ ಇನ್ನೊಮ್ಮೆ ಒತ್ತಿ ಒರೆಸಿ.

ಬಫಾತ್ ಪುಡಿಯನ್ನೋ ಮೀನಿನ ಮಸಾಲೆಯನ್ನೋ ಹಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ಈಗ ಬೇಡ. ಆ ಶಾಖಕ್ಕೆ ಮೆಣಸಿನ ಪುಡಿ ಕರಟಿ ಕಹಿಯಾಗುತ್ತದೆ. ಬೇಕಾದರೆ ಇಳಿಸಿದ ಮೇಲೆ ಒಂದು ಚಿಟಿಕೆ ಉದುರಿಸಿ.

ಹಂತ 3: ಕಾವಲಿ, ಆದರೆ ಆ ಕಾವಲಿ ಅಲ್ಲ

ಸ್ಟೀಕಿಗೆ ಬೀಡಿನ ಕಾವಲಿಯಷ್ಟು ಒಳ್ಳೆಯದು ಬೇರೆ ಇಲ್ಲ. ದಪ್ಪ ಇದೆ, ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ತಣ್ಣನೆಯ ಮಾಂಸ ಬಿದ್ದರೂ ಕುಗ್ಗುವುದಿಲ್ಲ. ನಮ್ಮಲ್ಲಿ ಅದು ಹೆಚ್ಚುಕಮ್ಮಿ ಎಲ್ಲ ಮನೆಯಲ್ಲೂ ಉಂಟು, ನೀರ್‌ದೋಸೆಗೆ. ಅಪಾಯ ಇರುವುದೂ ಅಲ್ಲೇ.

ನಾನು ಒಂದು ಭಾನುವಾರ ಅಮ್ಮನ ನೀರ್‌ದೋಸೆ ಕಾವಲಿಯಲ್ಲೇ ಸ್ಟೀಕ್ ಮಾಡಿದೆ. ಸ್ಟೀಕ್ ಚೆನ್ನಾಗಿಯೇ ಬಂತು. ಆಮೇಲೆ ಒಳ್ಳೆಯ ಮಗನ ಹಾಗೆ ಸೋಪು ಹಾಕಿ, ಸ್ಟೀಲ್ ನಾರಿನಲ್ಲಿ ಫಳಫಳ ಉಜ್ಜಿಟ್ಟೆ. ಮರುದಿನ ಬೆಳಗ್ಗೆ ಮೊದಲ ದೋಸೆ ಹರಿಯಿತು. ಎರಡನೆಯದೂ ಹರಿಯಿತು. ಮೂರನೆಯದನ್ನು ಅಮ್ಮ ಸಟ್ಟುಗದಲ್ಲಿ ಕೆರೆದು ತೆಗೆದು, ನನ್ನ ಬಟ್ಟಲಿಗೆ ಉಪ್ಪಿಟ್ಟಿನ ಹಾಗೆ ಬಡಿಸಿದರು. "ವರ್ಷಗಟ್ಟಲೆ ಪಳಗಿಸಿದ ಕಾವಲಿ ಮಾರಾಯ. ಇನ್ನು ಇದರಲ್ಲಿ ದೋಸೆ ಏಳ್ಲಿಕ್ಕಿಲ್ಲ" ಅಂದರು. ಎಣ್ಣೆಯಲ್ಲಿ ಅದ್ದಿದ ಅರ್ಧ ನೀರುಳ್ಳಿ ಹಿಡಿದು ಒಂದು ವಾರ ಉಜ್ಜಿ, ಕಾಯಿಸಿ, ಉಜ್ಜಿ ಅದನ್ನು ದಾರಿಗೆ ತಂದೆ. ಬೇರೆ ಕಾವಲಿ ಕೊಳ್ಳಿ. ಅಷ್ಟೇ ಹೇಳುವುದು.

ಕಾವಲಿಯನ್ನು ನಾಲ್ಕೈದು ನಿಮಿಷ ಚೆನ್ನಾಗಿ ಕಾಯಿಸಿ. ಕಿಟಕಿ ತೆರೆಯಿರಿ. ಎಣ್ಣೆಯ ವಿಷಯಕ್ಕೆ ಬಂದರೆ, ಗಾಣದ ತೆಂಗಿನೆಣ್ಣೆ ನಮಗೆಲ್ಲ ಪ್ರಾಣ. ಆದರೆ ಅದು 175 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಹೊಗೆಯಾಡುತ್ತದೆ, ಇಲ್ಲಿ ಕಾವಲಿ 200 ದಾಟಬೇಕು. ಹಾಗಾಗಿ ರಿಫೈಂಡ್ ಶೇಂಗಾ ಎಣ್ಣೆ ಒಂದು ಚಮಚ. ಇನ್ನೂ ಒಳ್ಳೆಯ ಉಪಾಯ: ಮಾಂಸವನ್ನು ಇಕ್ಕಳದಲ್ಲಿ ಹಿಡಿದು, ಕೊಬ್ಬಿನ ಅಂಚು ಕೆಳಗೆ ಬರುವಂತೆ ಮೊದಲು ನಿಲ್ಲಿಸಿ. ಎರಡು ನಿಮಿಷದಲ್ಲಿ ಅದರದ್ದೇ ಕೊಬ್ಬು ಕರಗಿ ಕಾವಲಿ ತುಂಬುತ್ತದೆ.

ಆಮೇಲೆ ಮಲಗಿಸಿ. ಪ್ರತಿ ಒಂದು ನಿಮಿಷಕ್ಕೆ ಮಗುಚಿ. ಒಂದೇ ಸಲ ಮಗುಚಬೇಕು ಅನ್ನುವವರು ತುಂಬಾ ಜನ. ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಪದೇಪದೇ ಮಗುಚಿದರೆ ಒಳಗೆ ಸಮವಾಗಿ ಬೇಯುತ್ತದೆ, ಬಣ್ಣಕ್ಕೂ ಏನೂ ಕೊರತೆ ಇಲ್ಲ. ಆ ಕಂದು ಬಣ್ಣ, ಆ ಪರಿಮಳ ಮಾಂಸದ ಪ್ರೋಟೀನೂ ಸಕ್ಕರೆ ಅಂಶವೂ ಬಿಸಿಗೆ ಸೇರಿ ಆಗುವುದು. ಇದನ್ನು 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ ವಿವರಿಸಿದರು. ನಮ್ಮ ಮನೆಯ ತೆಂಗಿನಕಾಯಿ, ಕೊತ್ತಂಬರಿ ಹುರಿಯುವಾಗ ಬರುವ ಘಮವೂ ಇದೇ ಬಳಗದ್ದು.

ಎಷ್ಟು ಬೇಯಬೇಕು? ಇಲ್ಲಿ ರುಚಿಯೂ ಬೇಕು, ಎಚ್ಚರವೂ ಬೇಕು. ಇಡೀ ತುಂಡಿನ ಹಂದಿ ಮಾಂಸಕ್ಕೆ ನಡುವಿನಲ್ಲಿ 63 ಡಿಗ್ರಿ, ಇಳಿಸಿ ಮೂರು ನಿಮಿಷ ಬಿಡುವುದು, ಇದು ಅಮೆರಿಕದ ಕೃಷಿ ಇಲಾಖೆಯ ಅಳತೆ. ನಾನು 70ಕ್ಕೆ ಹೋಗುತ್ತೇನೆ. ನಮ್ಮಲ್ಲಿ ಎಲ್ಲ ಹಂದಿಯೂ ಒಳ್ಳೆಯ ಫಾರ್ಮಿನಿಂದಲೇ ಬರುತ್ತದೆ ಅಂತ ಇಲ್ಲ, ಲಾಡಿಹುಳುವಿನ ಭಯ ಸುಳ್ಳಲ್ಲ. ಒಂದು ಇಂಚು ತುಂಡಿಗೆ ಒಟ್ಟು ಎಂಟು ಹತ್ತು ನಿಮಿಷ ಹಿಡಿಯುತ್ತದೆ. ಒಂದು ಅಡುಗೆ ಥರ್ಮಾಮೀಟರ್ ತೆಗೆದುಕೊಂಡರೆ ಊಹೆಯ ಕೆಲಸ ಇಲ್ಲ. ಕೊಯ್ದಾಗ ಬರುವ ಗುಲಾಬಿ ನೀರು ರಕ್ತ ಅಂತ ಹೆದರುವವರಿದ್ದಾರೆ. ಅದು ರಕ್ತವಲ್ಲ, ಮಾಂಸದ ನೀರಿಗೆ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ಕೊಡುವ ಬಣ್ಣ.

ಹಂತ 4: ಕಾಯುವುದು

ದುಬೈಯ ಹೋಟೆಲ್ ಅಡುಗೆಮನೆಯಲ್ಲಿ ದುಡಿದ ನನ್ನ ಭಾವ ಹೇಳಿದ ಮಾತು: "ಬೇಯಿಸ್ಲಿಕ್ಕೆ ಎಲ್ಲರಿಗೂ ಬರ್ತದೆ. ಇಳಿಸಿದ ಮೇಲೆ ಐದು ನಿಮಿಷ ಮುಟ್ಟದೆ ಕೂತುಕೊಳ್ಳಿಕ್ಕೆ ಕಲಿ." ಬಿಸಿಬಿಸಿ ಕೊಯ್ದರೆ ರಸ ಎಲ್ಲ ಹಲಗೆಯ ಮೇಲೆ ಹರಿಯುತ್ತದೆ. ಆ ಐದು ನಿಮಿಷದಲ್ಲಿ ಕಾವಲಿಗೆ ಜಜ್ಜಿದ ಬೆಳ್ಳುಳ್ಳಿ, ಕುಟ್ಟಿದ ಒಳ್ಳೆಮೆಣಸು, ಎರಡು ಚಮಚ ವಿನೆಗರ್, ಸ್ವಲ್ಪ ನೀರು ಹಾಕಿ ತಳ ಕೆರೆದುಕೊಳ್ಳಿ. ಅಷ್ಟೇ ಸಾಸ್. ಅದರಲ್ಲಿ ಗುಟ್ಲಿ (ನಮ್ಮ ಬೇಕರಿಯ ಗಟ್ಟಿ ಬ್ರೆಡ್ಡು) ಮುರಿದು ಅದ್ದಿ ತಿನ್ನುವುದು ಸ್ಟೀಕಿಗಿಂತಲೂ ಚೆನ್ನ ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಇನ್ನು ಹಾಟ್ ಡಾಗ್

ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹೆಂಚು ಕೊಟ್ಟರು, ಅಚ್ಚುಕೂಟ ಕೊಟ್ಟರು, 1894ರಲ್ಲಿ ಕಿಟ್ಟೆಲ್ ನಿಘಂಟನ್ನೂ ಕೊಟ್ಟರು. ಅವರ ಜರ್ಮನಿಯ ಸಾಸೇಜ್ ಮಾತ್ರ ನಮ್ಮ ಅಡುಗೆಮನೆಗೆ ಇಳಿಯಲಿಲ್ಲ. ಅದು ವಲಸೆ ಹೋದ ಜರ್ಮನ್ನರ ಜೊತೆ ಅಮೆರಿಕಕ್ಕೆ ಹೋಗಿ, ಬನ್ನಿನೊಳಗೆ ಕೂತು, ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲ ತೀರದಲ್ಲಿ ಹೆಸರು ಮಾಡಿ, ಈಗ ನಮ್ಮ ಸೂಪರ್ ಮಾರ್ಕೆಟಿನ ಫ್ರೀಜರಿಗೆ ಬಂದು ಮಲಗಿದೆ. ಹೆಸರಿನಲ್ಲಿ ಡಾಗ್ ಇದ್ದರೂ ಒಳಗೆ ನಾಯಿ ಮಾಂಸ ಇಲ್ಲ, ಅಜ್ಜಿಯರಿಗೆ ಧೈರ್ಯವಾಗಿ ಹೇಳಿ.

ಬೇಕಾದದ್ದು ಚಿಕನ್ ಅಥವಾ ಪೋರ್ಕ್ ಸಾಸೇಜ್, ಮತ್ತು ಉದ್ದ ಬನ್. ಬೇಕರಿಯಲ್ಲಿ "ಉದ್ದ ಬನ್" ಅಂತಲೇ ಕೇಳಿ. ಸುಮ್ನೆ "ಬನ್ಸ್ ಕೊಡಿ" ಅಂದರೆ ಈ ಊರಿನಲ್ಲಿ ಬಾಳೆಹಣ್ಣಿನ ಸಿಹಿ ಪೂರಿ ಬರುತ್ತದೆ. ಅದರೊಳಗೆ ಸಾಸೇಜ್ ಇಟ್ಟು ನೋಡಿದವನು ನಾನು. ಇನ್ನೊಮ್ಮೆ ಇಡುವುದಿಲ್ಲ.

ಸಾಸಿವೆ ಸಾಸ್ ಹಿಂದಿನ ದಿನವೇ ಮಾಡಿಡಿ. ಮೂರು ಚಮಚ ಸಾಸಿವೆಯನ್ನು ತಣ್ಣೀರಿನಲ್ಲಿ ಎರಡು ಗಂಟೆ ನೆನೆಸಿ, ಸ್ವಲ್ಪ ನೀರು ಹಾಕಿ ಅರೆಯಿರಿ. ಹತ್ತು ನಿಮಿಷ ಬಿಡಿ. ಸಾಸಿವೆಯ ಖಾರ ಹುಟ್ಟುವುದೇ ಅರೆದ ಮೇಲೆ, ನೀರು ತಾಗಿದಾಗ. ಬಿಸಿ ನೀರು ಹಾಕಿದರೆ ಅದು ಸತ್ತೇ ಹೋಗುತ್ತದೆ. ಹತ್ತು ನಿಮಿಷದ ಮೇಲೆ ಎರಡು ಚಮಚ ವಿನೆಗರ್, ಉಪ್ಪು, ಚೂರು ಬೆಲ್ಲ, ಅರ್ಧ ಚಮಚ ಅರಿಶಿನ ಬೆರೆಸಿ. ಮೊದಲ ದಿನ ಕಹಿ ಇರುತ್ತದೆ, ಮರುದಿನಕ್ಕೆ ಇಳಿಯುತ್ತದೆ.

ಸಾಸೇಜನ್ನು ಕೊತಕೊತ ಕುದಿಸಬೇಡಿ, ಒಡೆಯುತ್ತದೆ. ಕುದಿ ಬಂದ ನೀರನ್ನು ಸಣ್ಣ ಉರಿಗೆ ಇಳಿಸಿ ಐದಾರು ನಿಮಿಷ ಇಡಿ. ಪ್ಯಾಕೆಟ್ ಓದಿ: ಹಸಿಯದ್ದಾದರೆ ಜಾಸ್ತಿ ಹೊತ್ತು ಬೇಕು, ಚಿಕನ್ನಿಗೆ ಒಳಗೆ 74 ಡಿಗ್ರಿ ಆಗಬೇಕು. ಆಮೇಲೆ ನೀರು ಒರೆಸಿ, ಕಾವಲಿಯಲ್ಲಿ ಉರುಳಿಸುತ್ತಾ ಕೆಂಪಾಗಿಸಿ. ಅದೇ ಕಾವಲಿಯಲ್ಲಿ ಬನ್ನನ್ನು ಬೆಣ್ಣೆ ಸವರಿ ಬಿಸಿ ಮಾಡಿ.

ಮೇಲೆ ಏನು ಹಾಕಬೇಕು ಅನ್ನುವುದಕ್ಕೆ ಅಮೆರಿಕದಲ್ಲಿ ಜಗಳವೇ ಉಂಟು. ಶಿಕಾಗೋದವರು ಸಾಸಿವೆ, ನೀರುಳ್ಳಿ, ಟೊಮೆಟೊ, ಉಪ್ಪಿನಲ್ಲಿಟ್ಟ ಸೌತೆ, ಮೆಣಸು ಎಲ್ಲ ಹಾಕುತ್ತಾರೆ, ಕೆಚಪ್ ಅಂದರೆ ಮುಖ ಸಿಂಡರಿಸುತ್ತಾರೆ. ನಾನು ಶಿಕಾಗೋ ಪಕ್ಷ. ಆದರೆ ಉಪ್ಪಿನಲ್ಲಿಟ್ಟ ಸೌತೆಯ ಬದಲು ಮಾವಿನ ಮಿಡಿ ಉಪ್ಪಿನಕಾಯಿಯನ್ನು ಸಣ್ಣಗೆ ಕೊಚ್ಚಿ ಹಸಿ ನೀರುಳ್ಳಿಗೆ ಬೆರೆಸುತ್ತೇನೆ. ಸೌತೆಗಿಂತ ಇದು ಎಷ್ಟೋ ಮೇಲು, ಶಿಕಾಗೋದವರು ಏನೇ ಅನ್ನಲಿ. ಅಕ್ಕನ ಮಗಳು ಕೆಚಪ್ ಸುರಿಯುತ್ತಾಳೆ, ನಾನು ಆ ಕಡೆ ನೋಡುವುದಿಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸಾಸೇಜನ್ನು ಉದ್ದಕ್ಕೆ ಸೀಳಿ, ಮತ್ತೆ ಸಣ್ಣಗೆ ತುಂಡು ಮಾಡಿ ಕೊಡಿ. ಗುಂಡು ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ವಾರವಾರ ತಿನ್ನುವ ಪದಾರ್ಥ ಇದಲ್ಲ. ಸಾಸೇಜಿನಂಥ ಸಂಸ್ಕರಿತ ಮಾಂಸ ದಿನವೂ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು 18 ಶೇಕಡಾ ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿದೆ. ನಮ್ಮ ಮನೆಯಲ್ಲಿ ಎರಡು ತಿಂಗಳಿಗೊಮ್ಮೆ.

ಕಟ್ಟುವುದು ಹೇಗೆ? ಪೇಪರಿನಲ್ಲಿ ಬೇಡ, ಅಚ್ಚಿನ ಶಾಯಿ ಬನ್ನಿಗೆ ಹತ್ತುತ್ತದೆ. ಬಾಳೆಲೆಯನ್ನು ಬೆಂಕಿಯ ಮೇಲೆ ಆಡಿಸಿ ಬಾಡಿಸಿ. ಬಿಸಿ ಹಾಟ್ ಡಾಗನ್ನು ಅದರಲ್ಲಿ ಬಿಗಿಯಾಗಿ ಸುತ್ತಿ ದಾರ ಕಟ್ಟಿ. ಸಾಸಿವೆ ಸಾಸೂ ಉಪ್ಪಿನಕಾಯಿಯೂ ಬೇರೆ ಡಬ್ಬಿಯಲ್ಲಿ. ನಮ್ಮ ಸೆಖೆಯಲ್ಲಿ ಮಾಡಿದ ಒಂದು ಗಂಟೆಯೊಳಗೆ ತಿಂದು ಮುಗಿಸಬೇಕು. ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ತಣ್ಣೀರುಬಾವಿ ತೀರಕ್ಕೆ ಹೋಗಿ ನಿಲ್ಲುವಷ್ಟಕ್ಕೆ ಆ ಹೊತ್ತು ಧಾರಾಳ.

ಎಲೆಯನ್ನು ಪೂರ್ತಿ ಬಿಚ್ಚಬೇಡಿ. ಮೇಲಿನಿಂದ ಎರಡೆರಡು ಇಂಚು ಸುಲಿಯುತ್ತಾ ಹೋಗಿ, ಇಲ್ಲದಿದ್ದರೆ ಮರಳು ಗ್ಯಾರಂಟಿ. ಕೊನೆಯ ಎರಡು ಕಚ್ಚಿಗೆ ಮುಂದಕ್ಕೆ ಬಾಗಿ ತಿನ್ನಿ. ಸಾಸಿವೆ ಸಾಸ್ ಆಗಲೇ ಸೋರುವುದು, ಅದರಲ್ಲಿ ಅರಿಶಿನ ಉಂಟು. ಹಳೆಯ ಅಂಗಿ ಹಾಕಿಕೊಂಡು ಹೋಗಿ.