ಅಡಿಕೆ ಮರದಿಂದ ಬಿದ್ದವರು: ತೋಟದಿಂದ ಆಸ್ಪತ್ರೆಯವರೆಗೆ

ಕೊಳೆರೋಗಕ್ಕೆ ಮದ್ದು ಬಿಡುವ ಮಳೆಗಾಲದಲ್ಲಿ ಅಡಿಕೆ ಮರ ಪಾಚಿಗಟ್ಟಿ ಜಾರುತ್ತದೆ. ಮೇಲಿಂದ ಬಿದ್ದವರಿಗೆ ಹಿಮ್ಮಡಿ, ಸೊಂಟ, ಬೆನ್ನುಮೂಳೆ, ಎದೆ ಎಲ್ಲ ಕಡೆಯೂ ಒಟ್ಟಿಗೇ ಪೆಟ್ಟಾಗಿರಬಹುದು. ಉಡುಪಿ ಜಿಲ್ಲೆಯ ಹೆಬ್ರಿ ಕಡೆಯ ಒಳಗಿನ ತೋಟದಿಂದ ಮಣಿಪಾಲದ ಆಸ್ಪತ್ರೆ ಮುಟ್ಟಲು ಮುಕ್ಕಾಲು ಗಂಟೆಯಾದರೂ ಬೇಕು. ಹಾಗಾಗಿ ಯಾವುದನ್ನು ಮರದ ಬುಡದಲ್ಲೇ ಮುಗಿಸಬೇಕು, ಯಾವುದನ್ನು ಗಾಡಿಯೊಳಗೆ ಮಾಡಬಹುದು ಎಂದು ವಿಂಗಡಿಸಿಕೊಳ್ಳುವುದೇ ಆಂಬುಲೆನ್ಸಿನವರಾದ ನಮ್ಮ ಕೆಲಸದ ಮುಖ್ಯ ಭಾಗ.

ಕರೆ ಬಂದ ಕೂಡಲೇ ಮನೆಯವರಿಗೆ ಹೇಳುವುದು ಇಷ್ಟು: ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ, ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿಯಿರಿ, ಮಳೆ ಬೀಳದಂತೆ ಟರ್ಪಾಲು ಹಿಡಿಯಿರಿ. ವಾಂತಿ ಬಂದರೆ ತಲೆ, ಮೈ, ಕಾಲು ಒಂದೇ ಸಾಲಿನಲ್ಲಿರುವಂತೆ ಮೂರು ಜನ ಸೇರಿ ಮಗ್ಗುಲಿಗೆ ತಿರುಗಿಸಿ. ರಸ್ತೆಯಿಂದ ತೋಟ ಎಷ್ಟು ದೂರ, ಕಾಲುಸಂಕ ದಾಟಬೇಕಾ, ಹೊರಲು ಆರು ಜನ ಸಿಗುತ್ತಾರಾ ಎಂದೂ ಕೇಳಿಕೊಳ್ಳುತ್ತೇವೆ. ಗಾಬರಿಯಲ್ಲಿ ಕೈಕಾಲು ಹಿಡಿದೆತ್ತಿ ರಿಕ್ಷಾಕ್ಕೆ ಹಾಕುತ್ತಾರೆ. ಮುರಿದ ಬೆನ್ನುಮೂಳೆ ಮಡಚುವುದು ಆಗಲೇ.

ಮೊದಲು ಉಸಿರಿನ ದಾರಿ. ತಲೆ ಹಿಂದಕ್ಕೆ ಬಾಗಿಸದೆ ದವಡೆಯ ಮೂಲೆಗಳನ್ನು ಮುಂದಕ್ಕೆ ತಳ್ಳುತ್ತೇವೆ. ಬಾಯಲ್ಲಿ ರಕ್ತವಿದ್ದರೆ ಸಕ್ಷನ್ ನಳಿಕೆಯಿಂದ ಹೀರಿ ತೆಗೆಯುವುದು, ಒಂದು ಸಲಕ್ಕೆ 10 ಸೆಕೆಂಡು ಮೀರದಂತೆ. ಉಸಿರು ಸಾಲದಿದ್ದರೆ ಅಂಬು ಬ್ಯಾಗ್ (ಹಿಂಡಿ ಉಸಿರು ಕೊಡುವ ಚೀಲ): ಒಬ್ಬರು ಎರಡೂ ಕೈಯಿಂದ ಮಾಸ್ಕ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು 6 ಸೆಕೆಂಡಿಗೊಮ್ಮೆ ಎದೆ ಏಳುವಷ್ಟೇ ಹಿಂಡಬೇಕು. ಅವಸರಕ್ಕೆ ಜೋರಾಗಿ ಹಿಂಡುವುದು ಎಲ್ಲ ಕಡೆ ನಡೆಯುವ ತಪ್ಪು. ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ. ಎದೆಯೊಳಗೆ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ತಗ್ಗುತ್ತದೆ, ಬಿಪಿ ಕುಸಿಯುತ್ತದೆ. ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಮೆದುಳಿನ ರಕ್ತನಾಳ ಸಂಕುಚಿಸುತ್ತದೆ. ಉಸಿರಿಗೆ ಹೊಟ್ಟೆ ಮಾತ್ರ ಏರಿಳಿದು ಎದೆ ಅಲುಗದಿದ್ದರೆ ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿದೆ ಎಂದೇ ತಿಳಿದು, ಉಸಿರು ಸೋಲುವ ಮೊದಲೇ ಬ್ಯಾಗ್ ಕೈಗೆತ್ತಿಕೊಳ್ಳುತ್ತೇವೆ.

ಸೊಂಟದ ಮೂಳೆ ಮುರಿದರೆ ಹೊರಗೆ ಒಂದು ಹನಿ ಕಾಣದೆ ಲೀಟರ್‌ಗಟ್ಟಲೆ ರಕ್ತ ಒಳಗೇ ಸೋರಬಲ್ಲದು. ಅಲ್ಲಾಡಿಸಿ ಪರೀಕ್ಷಿಸಲೇಬಾರದು, ಕಟ್ಟಿದ ಹೆಪ್ಪು ಕದಲುತ್ತದೆ. ಎತ್ತರದಿಂದ ಬಿದ್ದು ಸೊಂಟ ನೋವು ಎಂದರೆ, ಅಥವಾ ಹೇಳುವಷ್ಟು ಎಚ್ಚರವಿಲ್ಲದಿದ್ದರೆ, ಪೆಲ್ವಿಕ್ ಬೈಂಡರ್ (ಸೊಂಟದ ಮೂಳೆಯನ್ನು ಸುತ್ತಿ ಬಿಗಿಯುವ ಅಗಲ ಪಟ್ಟಿ) ಕಟ್ಟಿಬಿಡುತ್ತೇವೆ. ಬೆಲ್ಟ್ ಕಟ್ಟುವ ಜಾಗದಲ್ಲಿ ಬಿಗಿದರೆ ಬಿರುಕು ಇನ್ನೂ ತೆರೆದುಕೊಳ್ಳಬಹುದು. ತೊಡೆಯ ಮೇಲ್ತುದಿಯಲ್ಲಿ ಹೊರಬದಿಗೆ ಕೈಗೆ ಸಿಗುವ ಮೂಳೆಯ ಉಬ್ಬು ಇದೆಯಲ್ಲ, ಪಟ್ಟಿಯ ನಡುಭಾಗ ಅದರ ಮೇಲೇ ಬರಬೇಕು. ಬೈಂಡರ್ ಇಲ್ಲವಾದರೆ ಪಂಚೆಯನ್ನು ಒಂದು ಗೇಣು ಅಗಲಕ್ಕೆ ಮಡಚಿ ಮಂಡಿಯ ಸಂದಿಯಿಂದ ತೂರಿಸಿ ಮೇಲಕ್ಕೆ ಜಾರಿಸಿ, ಎದುರು ಬದಿಗಳಿಂದ ಇಬ್ಬರು ಎಳೆದು ಬಿಗಿಯುವುದು. ಮಂಡಿ ಮತ್ತು ಪಾದ ಜೋಡಿಸಿ ಬೈರಾಸಿನಿಂದ ಕಟ್ಟಿದರೆ ಕಾಲು ಹೊರಕ್ಕೆ ವಾಲುವುದಿಲ್ಲ.

ಹೊರಲು ಸ್ಕೂಪ್ ಸ್ಟ್ರೆಚರ್. ಎರಡು ಹೋಳಾಗುವುದರಿಂದ ರೋಗಿಯನ್ನು ಪೂರ್ತಿ ಹೊರಳಿಸುವ ಅಗತ್ಯವಿಲ್ಲ, ತುಸು ವಾಲಿಸಿದರೆ ಒಳಗೆ ಸೇರುತ್ತದೆ. ಎರಡೂ ತುದಿಯ ಲಾಕ್ ಟಕ್ಕೆಂದ ಮೇಲೂ ಒಮ್ಮೆ ಎಳೆದು ನೋಡಬೇಕು. ತೋಟದ ಕೆಸರು ಕೂತರೆ ಸದ್ದು ಬರುತ್ತದೆ, ಲಾಕ್ ಹಿಡಿದಿರುವುದಿಲ್ಲ. ಎದೆ, ಸೊಂಟ, ತೊಡೆ, ಮೀನಖಂಡಕ್ಕೆ ಪಟ್ಟಿ. ತಲೆಯನ್ನು ಕೊನೆಗೆ ಕಟ್ಟುವುದು, ಮೈಗಿಂತ ಮೊದಲು ತಲೆ ಕಟ್ಟಿದರೆ ಮೈ ಜಾರಿದಾಗ ಕುತ್ತಿಗೆ ತಿರುಚುತ್ತದೆ. ಕಾಲುಸಂಕದ ಮೇಲೆ ಹಿಂದೊಬ್ಬರು ಮುಂದೊಬ್ಬರು ಮಾತ್ರ, ಉಳಿದವರು ಆಚೆ ದಡದಲ್ಲಿ ಕೈಚಾಚಿ ನಿಂತಿರಬೇಕು.

ಆಕ್ಸಿಜನ್ ಲೆಕ್ಕ ಹೊರಡುವ ಮೊದಲೇ. ಸಿಲಿಂಡರ್ ಎಷ್ಟು ಲೀಟರ್ ನೀರು ಹಿಡಿಯುತ್ತದೋ ಆ ಅಳತೆಯನ್ನು ಗೇಜಿನ ಒತ್ತಡದ ಅಂಕಿಯಿಂದ (ಬಾರ್‌ನಲ್ಲಿ) ಗುಣಿಸಿದರೆ ಉಳಿದ ಲೀಟರ್ ಸಿಗುತ್ತದೆ. 10 ಲೀಟರ್ ಅಳತೆಯ ಬಿ ಟೈಪ್, ಗೇಜಿನಲ್ಲಿ 150 ಇದ್ದರೆ 1500 ಲೀಟರ್. ನಿಮಿಷಕ್ಕೆ 15 ಲೀಟರಿನಂತೆ 100 ನಿಮಿಷ. ಗೇಜು 50 ಎಂದರೆ ಬರೀ 33 ನಿಮಿಷ, ಮಣಿಪಾಲಕ್ಕೆ ಸಾಲದು.

ಡ್ರಿಪ್ ಹಾಕುವುದು ಗಾಡಿಯಲ್ಲಿ. ಸೂಜಿಗಾಗಿ ತೋಟದಲ್ಲಿ ಹೊತ್ತು ಕಳೆಯುವಂತಿಲ್ಲ. ಸಲೈನ್ 250 ಎಂಎಲ್‌ನಂತೆ ಕೊಟ್ಟು ಮತ್ತೆ ನಾಡಿ ನೋಡುವುದು. ತಲೆಗೆ ಪೆಟ್ಟಿದ್ದರೆ ಮೇಲಿನ ಬಿಪಿ 110ಕ್ಕಿಂತ ಕೆಳಗಿಳಿಯಬಾರದು, ಸ್ಯಾಚುರೇಶನ್ (ರಕ್ತದಲ್ಲಿರುವ ಆಕ್ಸಿಜನ್ ಮಟ್ಟ) ಶೇಕಡಾ 94ಕ್ಕಿಂತ ಮೇಲಿರಬೇಕು. ಬಿಪಿ ತಗ್ಗಿಯೂ ನಾಡಿ ನಿಧಾನ, ಚರ್ಮ ಬೆಚ್ಚಗೆ ಇದ್ದರೆ ಬೆನ್ನುಹುರಿಯ ಆಘಾತವಿರಬಹುದು. ಆದರೂ ರಕ್ತಸ್ರಾವವಿಲ್ಲ ಎಂದು ಖಚಿತವಾಗುವ ತನಕ ರಕ್ತಸ್ರಾವ ಎಂದೇ ನಡೆದುಕೊಳ್ಳುತ್ತೇವೆ. ಒದ್ದೆ ಬಟ್ಟೆ ಕತ್ತರಿಸಿ ತೆಗೆದು, ಒರೆಸಿ, ಕಂಬಳಿ ಹೊದಿಸಿ ಎಸಿ ಬಂದ್. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ತಣ್ಣಗಾದ ಬೆರಳಿನಲ್ಲಿ ಸ್ಯಾಚುರೇಶನ್ ಸರಿ ತೋರುವುದಿಲ್ಲ, ಕಿವಿಯ ಹಾಲೆಗೆ ಹಾಕುವ ಪ್ರೋಬ್ ಇದ್ದರೆ ಒಳ್ಳೆಯದು. ಕಣ್ಣಿಗೆ ಬೋರ್ಡೋ ದ್ರಾವಣ (ಕೊಳೆರೋಗಕ್ಕೆ ಬಿಡುವ ಮದ್ದು) ಸಿಡಿದಿದ್ದರೆ ಡ್ರಿಪ್ ನಳಿಕೆಯಿಂದಲೇ ಸಲೈನ್ ಹರಿಸಿ ತೊಳೆಯುತ್ತಾ ಹೋಗುವುದು, ಅದರಲ್ಲಿರುವ ಸುಣ್ಣ ಸುಡುತ್ತದೆ.

ರಕ್ತಸ್ರಾವ ತಗ್ಗಿಸುವ ಔಷಧಿ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, 100 ಎಂಎಲ್ ಸಲೈನಿನಲ್ಲಿ 10 ನಿಮಿಷಕ್ಕೆ ವೈದ್ಯರ ಸೂಚನೆಯಂತೆ ಕೊಡುತ್ತೇವೆ; ಬಿದ್ದು 3 ಗಂಟೆ ಕಳೆದಿದ್ದರೆ ಕೊಡುವುದಿಲ್ಲ. ಕೊಟ್ಟ ಹೊತ್ತನ್ನು ಪ್ಲಾಸ್ಟರಿನ ಮೇಲೆ ಬರೆದು ಎದೆಗೆ ಅಂಟಿಸುತ್ತೇವೆ. ಕಾಗದ ಮಳೆಗೆ ನೆನೆದುಹೋಗುತ್ತದೆ, ಮುಂದೆ 8 ಗಂಟೆ ಕಾಲ ನಿಧಾನವಾಗಿ ಕೊಡುವ ಎರಡನೇ ಗ್ರಾಂ ಯಾವಾಗ ಶುರುಮಾಡಬೇಕು ಎಂದು ಆಸ್ಪತ್ರೆಯವರಿಗೆ ಆ ಪ್ಲಾಸ್ಟರ್ ನೋಡಿಯೇ ಗೊತ್ತಾಗಬೇಕು.