ಬೀಟೆಯ ಉಂಗುರ, ನಡುವೆ ಹಿತ್ತಾಳೆಯ ಗೆರೆ

ಇನ್ಲೇ ಇರುವ, ಎಂದರೆ ತೋಡು ತೆಗೆದು ಬೇರೆ ವಸ್ತುವಿನ ಪಟ್ಟಿ ತುಂಬಿದ ಮರದ ಉಂಗುರ ಒಡೆದರೆ ಸಾಮಾನ್ಯವಾಗಿ ಒಡೆಯುವುದು ಪಟ್ಟಿಯಲ್ಲಲ್ಲ, ಪಟ್ಟಿಯ ಅಡಿಯಲ್ಲಿ. 2.4 ಮಿ.ಮೀ. ದಪ್ಪದ ಗೋಡೆಗೆ 1 ಮಿ.ಮೀ. ಆಳದ ತೋಡು ತೆಗೆದರೆ ಕೆಳಗೆ ಉಳಿಯುವುದು 1.4 ಮಿ.ಮೀ. ಮರ. ಉಂಗುರದ ಜೀವವೆಲ್ಲ ಅಷ್ಟರಲ್ಲೇ. ಅಲ್ಲಿ ನಾರು ಯಾವ ಕಡೆಗೆ ಓಡುತ್ತದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಹಿತ್ತಾಳೆಯೋ ಕಲ್ಲೋ ಅರಗೋ ಎಂಬುದು ಆಮೇಲಿನ ಮಾತು.

ಹಲಗೆಯಿಂದ ಬಿಲ್ಲೆ ಕತ್ತರಿಸಿ, ನಡುವೆ ತೂತು ಕೊರೆದು ಕಡೆದ ಉಂಗುರದಲ್ಲಿ ನಾರು ಸುತ್ತ ತಿರುಗುವುದಿಲ್ಲ, ನೇರವಾಗಿ ಅಡ್ಡ ಹಾದುಹೋಗುತ್ತದೆ. ಎದುರು ಬದುರಾದ ಎರಡು ಕಡೆ ನಾರು ಗೋಡೆಯನ್ನು ಅಡ್ಡಲಾಗಿ ದಾಟುವುದರಿಂದ ಅಲ್ಲಿ ಮರಕ್ಕೆ ಹಿಡಿತವೇ ಇಲ್ಲ. ಬೆರಳಲ್ಲಿ ಒತ್ತಿದರೂ ಬಿಸ್ಕತ್ತಿನಂತೆ ಮುರಿಯುತ್ತದೆ. ತೂತನ್ನು ನಾರಿನ ದಿಕ್ಕಿಗೇ ಕೊರೆದರೆ ಇನ್ನೂ ಕಷ್ಟ, ಸೌದೆ ಸೀಳಿದ ಹಾಗೆ ಸೀಳುತ್ತದೆ. ಮೂರು ತೆಳು ಹಲಗೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿ ಕಡೆಯುವುದು ಸಾದಾ ಉಂಗುರಕ್ಕೆ ಸಾಕು. ಇನ್ಲೇಗೆ ಸಾಲದು. ತೋಡು ಬರುವುದು ನಡುವಿನ ಪದರದಲ್ಲೇ. ಮೇಲಿನ ಕೆಳಗಿನ ಪದರಗಳು ದುರ್ಬಲವಾಗಿರುವ ಕಡೆ ಭಾರ ಹೊರಬೇಕಾದ ಪದರವೂ ಅದೇ. ಅದನ್ನೇ ಕೊರೆದು ತೆಳ್ಳಗೆ ಮಾಡಿದ ಹಾಗಾಗುತ್ತದೆ.

ಆದ್ದರಿಂದ ಇನ್ಲೇ ಉಂಗುರಕ್ಕೆ ನಾನು ವೆನೀರ್ (ಮರದ ತೆಳು ಹಾಳೆ) ಪಟ್ಟಿ ಸುತ್ತಿಯೇ ಒಡಲು ಮಾಡಿಕೊಳ್ಳುತ್ತೇನೆ. ಪಟ್ಟಿಯ ಉದ್ದಕ್ಕೂ ನಾರು ಇರುವುದರಿಂದ ಸುತ್ತಿದಾಗ ನಾರೂ ಉಂಗುರದ ಜೊತೆಗೇ ತಿರುಗುತ್ತದೆ. ಎಲ್ಲಿ ತೋಡು ತೆಗೆದರೂ ಕೆಳಗಿನ ಪದರಗಳು ಪೂರ್ತಿ ಸುತ್ತು ಹಾಗೇ ಇರುತ್ತವೆ.

ಮೊದಲು ಅಳತೆ. ಅಕ್ಕಸಾಲಿಗರ ಅಳತೆ ಕೋಲಿನ ಮೇಲಿರುವ ನಮ್ಮ ದೇಶದ ನಂಬರಿಗೆ 40 ಕೂಡಿಸಿದರೆ ಒಳಸುತ್ತಳತೆ ಹೆಚ್ಚುಕಡಿಮೆ ಅಷ್ಟು ಮಿಲಿಮೀಟರ್. 20ನೇ ನಂಬರ್ ಎಂದರೆ 60 ಮಿ.ಮೀ. ಸುತ್ತು, 19.1 ಮಿ.ಮೀ. ವ್ಯಾಸ. ಬೆರಳು ಅಳೆಯುವ ಬಳೆಗಳು ತೆಳ್ಳಗಿರುತ್ತವೆ, 7 ಮಿ.ಮೀ. ದಾಟಿದ ಅಗಲದ ಉಂಗುರ ಅದೇ ನಂಬರಿನಲ್ಲಿ ಬಿಗಿಯಾಗುತ್ತದೆ, ಹಾಗಾಗಿ ಒಂದು ನಂಬರ್ ಮುಂದಕ್ಕೆ ಹೋಗುತ್ತೇನೆ. ಬೆರಳು ಅಳೆಯುವುದಿದ್ದರೆ ಸಂಜೆ ಹೊತ್ತು ಅಳೆಯಬೇಕು. ಬೆಳಗಿನ ತಂಪಿನಲ್ಲಿ ಬೆರಳು ಸಣ್ಣಗಿರುತ್ತದೆ. ಚಿನ್ನದ ಉಂಗುರವನ್ನು ಆಮೇಲೆ ಹಿಗ್ಗಿಸಬಹುದು, ಮರದ್ದನ್ನು ಒಳಗಿನಿಂದ ಉಜ್ಜಿ 0.2 ಮಿ.ಮೀ. ಸಡಿಲ ಮಾಡಬಹುದು, ಅಷ್ಟೇ.

ಇಲ್ಲಿ ಹೇಳುವ ಲೆಕ್ಕವೆಲ್ಲ 19.1 ಮಿ.ಮೀ. ಒಳವ್ಯಾಸದ, 7.5 ಮಿ.ಮೀ. ಅಗಲದ ಉಂಗುರದ್ದು. ಸುತ್ತುವ ಗೂಟದ ವ್ಯಾಸ 18.8. ಒಳಗೆ ಉಜ್ಜಿದ ಮೇಲೆ 19.3 ಆಗುತ್ತದೆ, ಒಳಮೈಗೆ ಅಂಟಿನ ಲೇಪ ಬಿದ್ದಾಗ 19.1ಕ್ಕೆ ಬಂದು ನಿಲ್ಲುತ್ತದೆ. ವೆನೀರ್ 0.5 ಮಿ.ಮೀ. ದಪ್ಪದ್ದು, ಆರು ಸುತ್ತು. ಸರಾಸರಿ ವ್ಯಾಸ 21.8 ಹಿಡಿದರೆ ಒಂದು ಸುತ್ತಿಗೆ 68.5 ಮಿ.ಮೀ., ಆರಕ್ಕೆ 411. ತುದಿಗಳನ್ನು ತೆಳ್ಳಗೆ ಮಾಡಲು ಸೇರಿಸಿ 45 ಸೆಂ.ಮೀ. ಉದ್ದ, 10 ಮಿ.ಮೀ. ಅಗಲ ಕತ್ತರಿಸಿಕೊಳ್ಳುತ್ತೇನೆ.

ಬೀಟೆಯಲ್ಲಿ ನೇರ ಎಳೆಯ ಪಟ್ಟಿಯನ್ನೇ ಆರಿಸಬೇಕು. ಅಲೆಅಲೆಯಾದ ಚಿತ್ತಾರ ಕಣ್ಣಿಗೆ ಚೆಂದ, ಸುತ್ತುವಾಗ ಅಲೆ ತಿರುಗುವ ಕಡೆಯೇ ಪಟಕ್ಕನೆ ಮುರಿಯುತ್ತದೆ. ಚಿತ್ತಾರವೇ ಬೇಕೆಂದರೆ ಒಳಗಿನ ನಾಲ್ಕು ಸುತ್ತು ನೇರ ಎಳೆಯದ್ದಿರಲಿ, ಹೊರಗಿನ ಎರಡು ಸುತ್ತಿಗೆ ಅದನ್ನು ಜೋಡಿಸಬಹುದು. ಪಟ್ಟಿಯ ಎರಡೂ ತುದಿಯ 15 ಮಿ.ಮೀ. ಭಾಗವನ್ನು 180ನೇ ನಂಬರಿನ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಕಾಗದದಷ್ಟು ತೆಳ್ಳಗೆ ಇಳಿಸುತ್ತೇನೆ. ಮೊದಲ ತುದಿ ದಪ್ಪವಾಗಿಯೇ ಉಳಿದರೆ ಮೇಲಿನ ಪ್ರತಿ ಸುತ್ತಿನಲ್ಲೂ ಅಲ್ಲೊಂದು ಗುಬುಟು ಏಳುತ್ತದೆ, ಅದರ ಪಕ್ಕದಲ್ಲಿ ಸಂದು ಬೀಳುತ್ತದೆ.

ಪಟ್ಟಿಯನ್ನು ಕುದಿಯುವ ನೀರಿನಲ್ಲಿ 10 ನಿಮಿಷ ಬಿಟ್ಟು, ಬಿಸಿ ಇರುವಾಗಲೇ 16 ಮಿ.ಮೀ. ಪೈಪಿಗೆ ಬಿಗಿಯಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಪೈಪ್ ಗೂಟಕ್ಕಿಂತ ಸಣ್ಣದಿರಬೇಕು, ಏಕೆಂದರೆ ಒಣಗಿ ಬಿಚ್ಚಿದಾಗ ಸುರುಳಿ ಒಂದಿಷ್ಟು ಹಿಗ್ಗುತ್ತದೆ. ಒಣಗಲು ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಮೂರು ದಿನ. ಕೈಗೆ ಒಣಗಿದಂತೆ ಅನ್ನಿಸಿದರೆ ಸಾಲದು. ಸಣ್ಣ ತಕ್ಕಡಿಯಲ್ಲಿ ಬೆಳಗ್ಗೆ, ಸಂಜೆ ತೂಗಿ, ತೂಕ ಇಳಿಯುವುದು ನಿಂತ ಮೇಲೆಯೇ ಅಂಟು ಹಾಕುತ್ತೇನೆ. ಸೂಪರ್ ಗ್ಲೂ ಗಟ್ಟಿಯಾಗುವುದೇ ತೇವದಿಂದ. ತೇವ ಹೆಚ್ಚಿದ್ದರೆ ಅದು ಕ್ಷಣದಲ್ಲಿ ನೊರೆಗಟ್ಟಿ ಬೆಳ್ಳಗಾಗುತ್ತದೆ. ಆ ಬಿಳಿ ಗೆರೆ ಕಪ್ಪು ಬೀಟೆಯಲ್ಲಿ ಎದ್ದು ಕಾಣುತ್ತದೆ, ಅಲ್ಲಿ ಪದರವೂ ಬಿಡುತ್ತದೆ.

ಅಂಟಿಸುವ ಮೊದಲು ಪಟ್ಟಿಯನ್ನು ಎಣ್ಣೆ ಕರಗಿಸುವ ಅಸಿಟೋನ್‌ನಲ್ಲಿ ಒರೆಸಬೇಕು. ಬೀಟೆ, ತೇಗ ಎರಡೂ ಎಣ್ಣೆಯ ಮರಗಳು. ಗೂಟಕ್ಕೆ ಪ್ಲಾಸ್ಟಿಕ್ ಟೇಪ್ ಸುತ್ತಿ ಅದರ ಮೇಲೆ ತೆಳುವಾಗಿ ಮೇಣ ಸವರುತ್ತೇನೆ, ಇಲ್ಲದಿದ್ದರೆ ಉಂಗುರ ಗೂಟವನ್ನು ಬಿಡುವುದೇ ಇಲ್ಲ. ಮಧ್ಯಮ ದಪ್ಪದ ಸೂಪರ್ ಗ್ಲೂ, 15 ಮಿ.ಮೀ.ಗೆ ಒಂದು ಹನಿ, ಎಳೆದು ಸುತ್ತಿ ಹೆಬ್ಬೆರಳಲ್ಲಿ 15 ಸೆಕೆಂಡ್ ಒತ್ತುವುದು, ಮುಂದಕ್ಕೆ ಹೋಗುವುದು. ಆರು ಸುತ್ತಿಗೆ ಅರ್ಧ ಗಂಟೆ ಹಿಡಿಯುತ್ತದೆ, ಆತುರಪಟ್ಟರೆ ಪದರಗಳ ನಡುವೆ ಗಾಳಿ ಉಳಿಯುತ್ತದೆ. ಕೊನೆಯ ತುದಿ ಯಾವ ಕಡೆಗೆ ಮುಖ ಮಾಡಿದೆ ಎಂದು ಗುರುತು ಹಾಕಿಡಬೇಕು. ಮರ ಕಡೆಯುವ ಯಂತ್ರವಾದ ಲೇತ್ ತಿರುಗುವಾಗ ಆ ತುದಿ ಉಳಿಗೆ ಎದುರು ಬಂದರೆ ಒಂದೇ ಏಟಿಗೆ ಸುತ್ತು ಎದ್ದು ಬರುತ್ತದೆ.

ಒಂದು ರಾತ್ರಿ ಬಿಟ್ಟು, ಒಳಗೆ 120ರ ಸ್ಯಾಂಡ್ ಪೇಪರ್ ಸುತ್ತಿದ ಕೋಲಿನಿಂದ 19.3ಕ್ಕೆ ತಂದು, ತೇಗದಲ್ಲಿ ಕಡೆದ ಇನ್ನೊಂದು ಗೂಟಕ್ಕೆ ಉಂಗುರವನ್ನು ತೊಡಿಸುತ್ತೇನೆ. ಈ ಗೂಟಕ್ಕೆ ತುಸುವೇ ಓರೆ ಇರಲಿ, ಉದ್ದ 40 ಮಿ.ಮೀ.ಗೆ 0.3 ಮಿ.ಮೀ.ಯಷ್ಟು. ಅದಕ್ಕಿಂತ ಹೆಚ್ಚು ಓರೆಯಾದರೆ ಉಂಗುರದ ಒಂದು ಅಂಚು ಮಾತ್ರ ಹಿಡಿದುಕೊಂಡು ಇನ್ನೊಂದು ಅಲುಗಾಡುತ್ತದೆ. ಗುದ್ದಿ ಕೂರಿಸುವುದು ಬೇಡ, ಕೈಯಲ್ಲಿ ತಿರುಚಿ ಒತ್ತಿದರೆ ಸಾಕು. ನಿಮಿಷಕ್ಕೆ ಸುಮಾರು 1800 ಸುತ್ತು, ಎಂದರೆ 1800 ಆರ್‌ಪಿಎಂನಲ್ಲಿ ಹೊರಮೈಯನ್ನು 24.1ಕ್ಕೆ ಇಳಿಸಿ, ಎರಡೂ ಬದಿ ನೇರ ಮಾಡಿ 7.5 ಅಗಲಕ್ಕೆ ತರುತ್ತೇನೆ. ಬದಿಗಳಿಗೆ ಅಲ್ಲೇ ತೆಳು ಸೂಪರ್ ಗ್ಲೂ ಕುಡಿಸಬೇಕು. ಮುಂದೆ ನೀರು ಹಾಕಿ ಉಜ್ಜುವ ಕೆಲಸವಿದೆ, ಬದಿ ತೆರೆದಿದ್ದರೆ ಪದರಗಳು ನೀರು ಕುಡಿದು ಉಬ್ಬುತ್ತವೆ.

ತೋಡು ತೆಗೆಯುವ ಉಳಿಯನ್ನು ಪವರ್ ಹ್ಯಾಕ್ಸಾದ ಹೈಸ್ಪೀಡ್ ಸ್ಟೀಲ್ ಬ್ಲೇಡಿನ ತುಂಡಿನಿಂದ ಮಾಡಿಕೊಳ್ಳಬಹುದು. ಬಾಯಿ 1.5 ಮಿ.ಮೀ. ಅಗಲ; ಬಾಯಿಯಿಂದ ಹಿಂದಕ್ಕೆ ಎರಡೂ ಪಕ್ಕ ತೆಳ್ಳಗಾಗುತ್ತ ಹೋಗಬೇಕು, ಇಲ್ಲದಿದ್ದರೆ ಪಕ್ಕಗಳು ತೋಡಿನ ಗೋಡೆಗೆ ಉಜ್ಜಿ ಸುಡುತ್ತವೆ. 3 ಮಿ.ಮೀ. ಅಗಲದ ತೋಡನ್ನು ಒಂದೇ ಸಲ ತೆಗೆಯುವುದಿಲ್ಲ. ಮೊದಲು ಎರಡೂ ಅಂಚಿನ ಗೆರೆಗಳನ್ನು ಚೂಪು ಉಳಿಯಿಂದ ಗೀರಿ ನಾರು ಕತ್ತರಿಸಿ, ಒಂದು ಅಂಚಿಗೆ ತಾಗಿ ಇಳಿದು, ಆಮೇಲೆ ಇನ್ನೊಂದಕ್ಕೆ. ಆಳವನ್ನು ತೋಡಿನ ತಳದ ವ್ಯಾಸದಿಂದಲೇ ಅಳೆಯುವುದು ನಿಖರ: 24.1 ಇದ್ದದ್ದು 22.1ಕ್ಕೆ ಬಂದರೆ ಆಳ ಸರಿಯಾಗಿ 1 ಮಿ.ಮೀ. ತೋಡು ನಟ್ಟನಡುವೆಯೇ ಇರಬೇಕೆಂದಿಲ್ಲ, ನನಗೆ ಒಂದು ಬದಿಗೆ ಸರಿದದ್ದೇ ಹೆಚ್ಚು ಇಷ್ಟ. ಆದರೆ ಸಣ್ಣ ಬದಿಯಲ್ಲಿ 1.5 ಮಿ.ಮೀ.ಗಿಂತ ಕಡಿಮೆ ಮರ ಉಳಿದರೆ ಅಂಚು ಚಕ್ಕೆ ಏಳುತ್ತದೆ, ನಾನು 1.8 ಬಿಡುತ್ತೇನೆ. ತಳದಲ್ಲಿ ಪದರವೊಂದು ಸಿಪ್ಪೆಯಂತೆ ಎದ್ದಿದ್ದರೆ ತೆಳು ಅಂಟು ತುಂಬಿ ಒಂದು ಗಂಟೆ ಬಿಟ್ಟು ಮತ್ತೆ ಹಗುರವಾಗಿ ಕೆರೆಯುತ್ತೇನೆ.

ಹಾಲೆಮರದಂಥ ಬಿಳಿ ಮರವಾದರೆ ತೋಡಿನ ಒಳಗೆಲ್ಲ ಮೊದಲೇ ತೆಳು ಅಂಟು ಬಳಿದು ಮುಚ್ಚಬೇಕು. ಬಿಟ್ಟರೆ ತುಂಬುವ ಪುಡಿಯ ಬಣ್ಣ ಅಂಟಿನ ಜೊತೆ ಮರದೊಳಗೆ ಹರಿದು ಪಟ್ಟಿಯ ಎರಡೂ ಕಡೆ ಕೊಳಕು ನೆರಳು ಬೀಳುತ್ತದೆ, ಅದನ್ನು ತೆಗೆಯಲು ಸಾಧ್ಯವೇ ಇಲ್ಲ.

ಹಿತ್ತಾಳೆ ಪುಡಿಗೆ ನಕಲಿ ಕೀ ಮಾಡಿಕೊಡುವ ಅಂಗಡಿಯೇ ಒಳ್ಳೆಯ ಜಾಗ. ಯಂತ್ರದ ಕೆಳಗೆ ಬಿದ್ದ ಪುಡಿಯಲ್ಲಿ ಕಬ್ಬಿಣವೂ ಬೆರೆತಿರುತ್ತದೆ, ಅದು ಉಳಿದರೆ ಮುಂದೆ ತುಕ್ಕು ಹಿಡಿದು ಕಪ್ಪು ಚುಕ್ಕೆಗಳಾಗುತ್ತವೆ. ಕಾಗದದ ಮೇಲೆ ಹರಡಿ ಅಯಸ್ಕಾಂತವನ್ನು ನಾಲ್ಕೈದು ಸಲ ಆಡಿಸಿ, ಅಸಿಟೋನ್‌ನಲ್ಲಿ ತೊಳೆದು ಎಣ್ಣೆ ತೆಗೆದು, ಟೀ ಜರಡಿಯಲ್ಲಿ ಜಾಲಿಸಿ ದಪ್ಪದ್ದು, ಸಣ್ಣದ್ದು ಬೇರೆ ಮಾಡುತ್ತೇನೆ.

ತುಂಬುವಾಗ ಲೇತ್ ನಿಂತಿರುತ್ತದೆ, ಗೂಟ ಹಿಡಿದಿರುವ ಚಕ್ಕನ್ನು ಕೈಯಲ್ಲಿ ತಿರುಗಿಸುತ್ತೇನೆ. ಮೊದಲು ದಪ್ಪ ಪುಡಿ ಒತ್ತಿ ಒಂದು ಹನಿ ತೆಳು ಅಂಟು, ಮೇಲೆ ಸಣ್ಣ ಪುಡಿ, ಮತ್ತೆ ಹನಿ. ಒಂದು ಸಲಕ್ಕೆ 0.3 ಮಿ.ಮೀ.ಗಿಂತ ಹೆಚ್ಚು ಏರಿಸುವುದಿಲ್ಲ, ನಡುನಡುವೆ ಅರ್ಧ ಗಂಟೆ. ಪೂರ್ತಿ ತೋಡನ್ನು ಒಮ್ಮೆಲೇ ತುಂಬಿದರೆ ಅಂಟು ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಮರುದಿನ ಉಳಿ ತಾಗಿಸಿದಾಗ ಗುಳಿಗಳು ಬಾಯಿ ಬಿಡುತ್ತವೆ. ಬೇಗ ಗಟ್ಟಿಯಾಗಲೆಂದು ಸಿಂಪಡಿಸುವ ದ್ರವವನ್ನು ನಾನು ಬಳಸುವುದಿಲ್ಲ, ಅದರಿಂದ ಸಣ್ಣ ಗುಳ್ಳೆಗಳೂ ಬಿಳಿ ಮಬ್ಬೂ ಬರುತ್ತವೆ. ಪಟ್ಟಿ ಮರಕ್ಕಿಂತ 0.3 ಮಿ.ಮೀ. ಎತ್ತರ ನಿಲ್ಲುವವರೆಗೆ ತುಂಬಿ ಒಂದು ದಿನ ಬಿಡುತ್ತೇನೆ.

ಕಲ್ಲಿನ ಪುಡಿಗೂ ಕ್ರಮ ಇದೇ, ಗಡಸುತನ ಮಾತ್ರ ಬೇರೆ. ಹಸಿರು ಮ್ಯಾಲಕೈಟ್, ಮುತ್ತಿನ ಚಿಪ್ಪು ಮೆತ್ತಗಿರುವುದರಿಂದ ಉಳಿಗೂ ಬಗ್ಗುತ್ತವೆ. ಹಸಿರು ನೀಲಿ ಬಣ್ಣದ ಟರ್ಕ್ವಾಯಿಸ್, ಒಡೆದ ಗಾಜಿನ ಬಳೆಯ ಚೂರು ಉಳಿಯ ಬಾಯಿಯನ್ನು ಎರಡೇ ಸುತ್ತಿಗೆ ಮೊಂಡು ಮಾಡುತ್ತವೆ, ಅಷ್ಟೇ ಅಲ್ಲ, ಕಾಳುಗಳು ಕಿತ್ತು ಬರುತ್ತವೆ. ಅವುಗಳನ್ನು 150ರ ಪೇಪರಿನಿಂದ ಮರದ ತುಂಡಿನ ಆಸರೆ ಕೊಟ್ಟು ಉಜ್ಜಿಯೇ ಇಳಿಸಬೇಕು. ಆಸರೆಯಿಲ್ಲದೆ ಬೆರಳಲ್ಲಿ ಒತ್ತಿದರೆ ಮೆತ್ತನೆಯ ಮರ ಸವೆದು ಗಟ್ಟಿ ಪಟ್ಟಿ ದಿಬ್ಬವಾಗಿ ನಿಲ್ಲುತ್ತದೆ. ಮ್ಯಾಲಕೈಟ್ ತಾಮ್ರದ ಖನಿಜ. ಅದರ ದೂಳು ವಿಷ, ನೀರು ಹಾಕದೆ ಉಜ್ಜಲೇಬಾರದು. ಬೀಟೆಯ ದೂಳಿಗೂ ಕೆಲವರ ಚರ್ಮ ಕೆರಳುತ್ತದೆ. ಎನ್95 ಮಾಸ್ಕ್, ಕನ್ನಡಕ ಎರಡೂ ಇರಲಿ. ತಿರುಗುವ ಲೇತಿನ ಮುಂದೆ ಕೈಗವಸು ಬೇಡ.

ಹಿತ್ತಾಳೆ ಉಜ್ಜುವಾಗ ಬೇಗ ಬಿಸಿಯಾಗಿ ಅಂಟನ್ನು ಮೆತ್ತಗೆ ಮಾಡುತ್ತದೆ. 600 ಆರ್‌ಪಿಎಂ ದಾಟಿಸದೆ, ಹತ್ತು ಸೆಕೆಂಡ್ ಉಜ್ಜಿ ಬೆರಳಿಟ್ಟು ನೋಡುತ್ತೇನೆ. 240, 320, 400, 600 ಈ ಕ್ರಮದಲ್ಲಿ ಹೋಗಿ, ಪ್ರತಿ ಪೇಪರ್ ಬದಲಿಸುವಾಗ ಒರೆಸಿ ಪಟ್ಟಿಯನ್ನು ಭೂತಗನ್ನಡಿಯಲ್ಲಿ ನೋಡುವುದು. ಗುಳಿ ಕಂಡರೆ ಅಲ್ಲೇ ನಿಲ್ಲಿಸಿ, ಸೂಜಿಯಲ್ಲಿ ಕೆದಕಿ, ಸಣ್ಣ ಪುಡಿ ತುಂಬಿ, ಒಂದು ಹನಿ ಬಿಟ್ಟು ಮತ್ತೆ 320ಕ್ಕೆ ಹಿಂದಿರುಗಬೇಕು. ಲೇಪ ಹಾಕಿದ ಮೇಲೆ ಗುಳಿ ತುಂಬಲು ಹೋದರೆ ಸುತ್ತ ಉಂಗುರದಂತೆ ಕಲೆ ಉಳಿಯುತ್ತದೆ.

ಲೇಪ 300 ಆರ್‌ಪಿಎಂನಲ್ಲಿ. ಮಡಿಸಿದ ಟಿಶ್ಯೂ ಕಾಗದದ ಮೇಲೆ ತೆಳು ಸೂಪರ್ ಗ್ಲೂ ಎರಡು ಹನಿ, ಕೆಳಗಿನಿಂದ ಹಗುರವಾಗಿ ತಾಗಿಸಿ ಎಳೆಯುವುದು. ಹತ್ತಿ ಬಟ್ಟೆ, ಹತ್ತಿ ಉಂಡೆ ಬೇಡವೇ ಬೇಡ. ಸೂಪರ್ ಗ್ಲೂ ಹತ್ತಿಗೆ ತಾಗಿದರೆ ಕೈ ಸುಡುವಷ್ಟು ಬಿಸಿಯಾಗಿ ಹೊಗೆ ಏಳುತ್ತದೆ. ಹನ್ನೆರಡು ಲೇಪ, ನಾಲ್ಕಕ್ಕೊಮ್ಮೆ 600ರಲ್ಲಿ ಸಮ ಮಾಡುವುದು. ಆಮೇಲೆ ನೀರು ಹಾಕಿ 800ರಿಂದ 3000ದವರೆಗೆ, ಕೊನೆಗೆ ಕಾರಿಗೆ ಹಾಕುವ ಪಾಲಿಶ್. ಒಳಮೈಗೂ ಇಷ್ಟೇ ಲೇಪ ಬೇಕು. ಬೆವರು, ಸೋಪಿನ ನೀರು ನಿಲ್ಲುವುದು ಅಲ್ಲೇ.

ಅರಗಿನ ಗೆರೆಯ ದಾರಿ ಬೇರೆ. ಚನ್ನಪಟ್ಟಣದಲ್ಲಿ ಬೊಂಬೆಗೆ ಬಣ್ಣ ಹಾಕುವಂತೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ತೋಡಿಗೆ ಇಳಿಯುತ್ತದೆ. ಕಡ್ಡಿಯ ತುದಿಯನ್ನು ತೋಡಿನ ಅಗಲಕ್ಕೆ ಅರ ಹಾಕಿ ಚಪ್ಪಟೆ ಮಾಡಿಕೊಳ್ಳಬೇಕು; ತೋಡು 1.5 ಮಿ.ಮೀ. ಅಗಲ, ಅರ್ಧ ಮಿ.ಮೀ. ಆಳ ಸಾಕು, ದಪ್ಪಗೆ ತುಂಬಿದ ಅರಗು ಏಟಿಗೆ ಬಿರಿಯುತ್ತದೆ. ತಾಳೆಗರಿ ಮಡಿಸಿ ಒತ್ತಿ ಹಿಡಿದರೆ ಬರುವ ಹೊಳಪಿಗೆ ಬೇರೆ ಪಾಲಿಶ್ ಬೇಕಿಲ್ಲ. ಈ ಉಂಗುರ ಕೊಡುವಾಗ ಒಂದು ಮಾತು ಹೇಳಿಯೇ ಕೊಡುತ್ತೇನೆ: ಸ್ಯಾನಿಟೈಸರ್ ಹಾಕುವ ಮೊದಲು, ಬಿಸಿ ನೀರಿಗೆ ಕೈ ಇಡುವ ಮೊದಲು ತೆಗೆದಿಡಿ. ಸ್ಪಿರಿಟ್‌ಗೆ ಅರಗು ಕರಗುತ್ತದೆ, ಬಿಸಿಗೆ ಮೆತ್ತಗಾಗುತ್ತದೆ.

ಯಾವ ಉಂಗುರವನ್ನೂ ಮುಗಿದ ದಿನವೇ ಕೊಡುವುದಿಲ್ಲ. ಒಂದು ವಾರ ಡಬ್ಬಿಯಲ್ಲಿಟ್ಟು ಆಮೇಲೆ ಬೆಳಕಿಗೆ ಓರೆ ಹಿಡಿದು ನೋಡಿದರೆ ಪಟ್ಟಿಯ ಅಂಚಿನಲ್ಲಿ ಕೂದಲೆಳೆಯಷ್ಟು ತಗ್ಗು ಕಾಣಬಹುದು, ಅಂಟು ಪೂರ್ತಿ ಒಣಗುವಾಗ ಕುಗ್ಗಿದ್ದು ಅದು. 800ರಲ್ಲಿ ಉಜ್ಜಿ ಇನ್ನೂ ಮೂರು ಲೇಪ ಹಾಕಿದರೆ ಮುಚ್ಚುತ್ತದೆ. ಕೊನೆಗೆ ಒಂದು ಗೇಣು ಎತ್ತರದಿಂದ ಕಲ್ಲುಹಾಸಿನ ಮೇಲೆ ಬೀಳಿಸುತ್ತೇನೆ. ಪದರಗಳೆಲ್ಲ ಒಂದಾಗಿದ್ದರೆ ಟಣ್ ಎನ್ನುತ್ತದೆ. ಟಪ್ ಎಂದರೆ ಒಳಗೆಲ್ಲೋ ಪದರ ಬಿಟ್ಟಿದೆ. ಬದಿಯಿಂದ ತೆಳು ಅಂಟು ಕುಡಿಸಿ ನೋಡುತ್ತೇನೆ, ಆಗಲೂ ಸದ್ದು ಬದಲಾಗದಿದ್ದರೆ ಹೊಸ ಪಟ್ಟಿಯನ್ನು ನೀರಿಗೆ ಹಾಕುತ್ತೇನೆ.