ಗಡಿಯಿಲ್ಲದ ಸುಡೊಕು: ವಠಾರಗಳನ್ನು ವಿಂಗಡಿಸುತ್ತ ಅಂಕಿ ತುಂಬುವ ಬಗೆ

ಪತ್ರಿಕೆಗಳಲ್ಲಿ ಬರುವ ಸಾಮಾನ್ಯ ಸುಡೊಕುವಿನಲ್ಲಿ ಒಂಬತ್ತು ಚೌಕಗಳ ಗಡಿಯನ್ನು ದಪ್ಪ ಗೆರೆಯಿಂದ ಮೊದಲೇ ಎಳೆದುಕೊಟ್ಟಿರುತ್ತಾರೆ. ನಮಗೆ ಉಳಿಯುವ ಕೆಲಸ ಅಂಕಿ ತುಂಬುವುದಷ್ಟೇ. ‘ಕೇಯಾಸ್ ಕನ್‌ಸ್ಟ್ರಕ್ಷನ್’ ಎಂಬ ಹೆಸರಿನ ಬಗೆಯಲ್ಲಿ ಆ ಗೆರೆಗಳೇ ಇರುವುದಿಲ್ಲ. 81 ಮನೆಗಳನ್ನು ತಲಾ ಒಂಬತ್ತು ಮನೆಗಳಿರುವ ಒಂಬತ್ತು ಪ್ರದೇಶಗಳಾಗಿ ನಾವೇ ವಿಂಗಡಿಸಬೇಕು. ಒಂದು ಪ್ರದೇಶದ ಮನೆಗಳೆಲ್ಲ ಗೋಡೆಗೆ ಗೋಡೆ ತಾಗಿಕೊಂಡಿರಬೇಕು, ಮೂಲೆಗೆ ಮೂಲೆ ತಾಗಿದರೆ ಸಾಲದು. ಪ್ರತಿ ಸಾಲು, ಪ್ರತಿ ಕಂಬ ಹಾಗೂ ಪ್ರತಿ ಪ್ರದೇಶದಲ್ಲಿ 1ರಿಂದ 9ರವರೆಗಿನ ಅಂಕಿಗಳು ಒಂದೊಂದು ಸಲ ಬರಬೇಕು.

ಮುಂಬಯಿ ಬಳಿಯ ಡೊಂಬಿವಲಿಯಿಂದ ದಾದರಿಗೆ ಸ್ಲೋ ಲೋಕಲ್ ರೈಲಿನಲ್ಲಿ ಹೋಗುವ ನಾವು ನಾಲ್ಕು ಮಂದಿ ಕನ್ನಡಿಗರು ಈ ಪ್ರದೇಶಗಳನ್ನು ‘ವಠಾರ’ ಎಂದು ಕರೆಯುತ್ತೇವೆ. ಪರೇಲ್‌ನಲ್ಲಿ ಹುಟ್ಟಿ ಬೆಳೆದ ಒಬ್ಬರು ಮಾತ್ರ ‘ಚಾಳು’ ಎನ್ನುತ್ತಾರೆ. ಮನೆಗಳು ಸೇರಿದರೆ ವಠಾರವಾಗುವುದರಿಂದ ಹೆಸರು ಸರಿಯಾಗಿಯೇ ಹೊಂದುತ್ತದೆ ಎಂದುಕೊಂಡು ಇಲ್ಲಿಯೂ ಅದನ್ನೇ ಬಳಸುತ್ತೇನೆ.

ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಇಂಥ ಸಮಸ್ಯೆಯಲ್ಲಿ ಬರಿಯ ಅಂಕಿಗಳನ್ನಷ್ಟೇ ಕೊಟ್ಟರೆ ಒಂದೇ ಉತ್ತರ ಬರಲು ಸಾಧ್ಯವಿಲ್ಲ, ಏಕೆಂದರೆ ಅಂಕಿಗಳೆಲ್ಲ ತುಂಬಿದ ಮೇಲೆ ಪ್ರತಿ ಸಾಲನ್ನೂ ಒಂದೊಂದು ವಠಾರವೆಂದುಬಿಟ್ಟರೂ ನಿಯಮಕ್ಕೆ ಭಂಗವಿಲ್ಲ, ಪ್ರತಿ ಕಂಬವನ್ನು ವಠಾರವೆಂದರೂ ಇಲ್ಲ. ಆದ್ದರಿಂದ ಗಡಿಯ ಬಗ್ಗೆ ಏನನ್ನಾದರೂ ಹೇಳುವ ಸುಳಿವು ಇರಲೇಬೇಕು. ಕೆಲವು ಕಡೆ ಗೋಡೆಯ ತುಂಡುಗಳನ್ನೇ ಕೊಟ್ಟಿರುತ್ತಾರೆ, ಕೆಲವು ಕಡೆ ಬಾಣಗಳಿರುತ್ತವೆ, ಇನ್ನು ಕೆಲವು ಕಡೆ ವೃತ್ತಗಳಿರುತ್ತವೆ. ಬಿಡಿಸಲು ಕೂರುವ ಮುನ್ನ ಆ ಸುಳಿವಿನ ನಿಯಮವನ್ನು ಎರಡು ಸಲ ಓದಿಕೊಳ್ಳಿ. ಸಾಮಾನ್ಯ ಸುಡೊಕುವಿನ ರೂಢಿಯಲ್ಲಿ ನೇರವಾಗಿ ಅಂಕಿಗೆ ಕೈ ಹಾಕುವುದೇ ಹೊಸಬರು ಮಾಡುವ ದೊಡ್ಡ ತಪ್ಪು.

ಎಷ್ಟು ಬಗೆಯಲ್ಲಿ ವಿಂಗಡಿಸಬಹುದು ಎಂಬ ಲೆಕ್ಕ ಗಾಬರಿ ಹುಟ್ಟಿಸುವಂಥದ್ದು. ನಾಲ್ಕು-ನಾಲ್ಕರ ಚೌಕವನ್ನು ನಾಲ್ಕು ಮನೆಗಳ ನಾಲ್ಕು ವಠಾರಗಳಾಗಿ ಒಡೆಯಲು 117 ದಾರಿಗಳಿವೆ. ಆರು-ಆರರ ಚೌಕಕ್ಕೆ ಅದು 4,51,206. ಒಂಬತ್ತು-ಒಂಬತ್ತರ ಚೌಕಕ್ಕೆ 70,61,52,94,74,68,301, ಅಂದರೆ ಏಳು ಕೋಟಿ ಕೋಟಿಗೂ ಹೆಚ್ಚು. ಊಹೆಯಿಂದ ಗಡಿ ಎಳೆಯುವ ಪ್ರಯತ್ನವನ್ನು ಬಿಟ್ಟುಬಿಡಲು ಈ ಒಂದು ಸಂಖ್ಯೆ ಸಾಕು. ಅದರ ಬದಲು ಪ್ರತಿ ಮನೆಯ ಬಳಿಯೂ ನಿಂತು ‘ಇದಕ್ಕೆ ಹೊರಬರಲು ಯಾವ ಬಾಗಿಲಿದೆ?’ ಎಂದು ಕೇಳಬೇಕು.

ಒಂದು ಪುಟ್ಟ ಸಮಸ್ಯೆಯನ್ನು ಕೊನೆಯವರೆಗೆ ಬಿಡಿಸಿ ನೋಡೋಣ. ನಾಲ್ಕು-ನಾಲ್ಕರ ಚೌಕ, 1ರಿಂದ 4ರವರೆಗಿನ ಅಂಕಿಗಳು, ನಾಲ್ಕು ಮನೆಗಳ ನಾಲ್ಕು ವಠಾರಗಳು. ವೃತ್ತವಿರುವ ಮನೆಯ ಅಂಕಿಯು, ಅದಕ್ಕೆ ಗೋಡೆ ತಾಗಿರುವ ಮನೆಗಳಲ್ಲಿ ಎಷ್ಟು ಅದೇ ವಠಾರಕ್ಕೆ ಸೇರಿವೆ ಎಂಬುದನ್ನು ಹೇಳುತ್ತದೆ. ③ ಎಂದರೆ ವೃತ್ತದೊಳಗೆ ಕೊಟ್ಟ ಅಂಕಿ, ○ ಎಂದರೆ ಖಾಲಿ ವೃತ್ತ, ಚುಕ್ಕಿ ಎಂದರೆ ಖಾಲಿ ಮನೆ.

. ③ . .
. . . .
○ . . .
. 2 ○ 1

ಮೊದಲ ಸಾಲಿನ ಎರಡನೆಯ ಮನೆಯಲ್ಲಿ 3 ಇದೆ. ಅದು ಅಂಚಿನ ಮನೆಯಾದ್ದರಿಂದ ಅದಕ್ಕೆ ಎಡಕ್ಕೆ, ಬಲಕ್ಕೆ, ಕೆಳಕ್ಕೆ ಹೀಗೆ ಮೂರೇ ನೆರೆಮನೆಗಳು. ಮೂರೂ ಅದೇ ವಠಾರಕ್ಕೆ ಸೇರಬೇಕು. ಒಂದೂ ಅಂಕಿ ಬರೆಯದೆ ಮೊದಲನೆಯ ವಠಾರ ಮುಗಿಯಿತು. ಪೆನ್ಸಿಲಿನಿಂದ ಅದರ ಸುತ್ತ ಗೆರೆ ಎಳೆಯಿರಿ.

ಈಗ ಕೊನೆಯ ಸಾಲು. ಅಲ್ಲಿ 2 ಮತ್ತು 1 ಇರುವುದರಿಂದ ಖಾಲಿ ವೃತ್ತಕ್ಕೆ 3 ಅಥವಾ 4 ಮಾತ್ರ ಉಳಿದಿದೆ. ಅಂಚಿನ ಮನೆಗೆ ನಾಲ್ಕು ನೆರೆಮನೆಗಳು ಎಲ್ಲಿಂದ ಬರಬೇಕು? ಆದ್ದರಿಂದ ಅಲ್ಲಿ 3. ಅಂಕಿ ಸಿಕ್ಕ ಕೂಡಲೇ ವಠಾರವೂ ಸಿಕ್ಕಿತು: ಆ ಮನೆ, ಅದರ ಎಡ-ಬಲದ 2 ಮತ್ತು 1, ಹಾಗೂ ನೇರ ಮೇಲಿನ ಮನೆ.

ಇನ್ನು ಬಾಗಿಲುಗಳ ಲೆಕ್ಕ. ಕೆಳಗಿನ ಎಡಮೂಲೆಯ ಮನೆಗೆ ಬಲಗಡೆ ಮುಚ್ಚಿಹೋಗಿದೆ, ಹೊರದಾರಿ ಮೇಲಕ್ಕೆ ಮಾತ್ರ. ಎರಡನೆಯ ಸಾಲಿನ ಮೊದಲ ಮನೆಗೆ ಮೇಲೂ ಬಲವೂ ಮುಚ್ಚಿವೆ, ಹೊರದಾರಿ ಕೆಳಕ್ಕೆ ಮಾತ್ರ. ಎರಡೂ ಬಂದು ಸೇರುವುದು ಮೂರನೆಯ ಸಾಲಿನ ಮೊದಲ ಮನೆಯಲ್ಲಿ, ಅಂದರೆ ವೃತ್ತವಿರುವಲ್ಲಿ. ಈ ಮೂರರ ಪಕ್ಕದಲ್ಲಿ ತೆರೆದಿರುವುದು ವೃತ್ತದ ಬಲಗಡೆಯ ಮನೆಯೊಂದೇ. ಅದು ಸೇರಿದರೆ ಮೂರನೆಯ ವಠಾರ. ಮಿಕ್ಕ ನಾಲ್ಕು ಮನೆಗಳು ನಾಲ್ಕನೆಯದು. ಈಗ ವೃತ್ತವನ್ನು ಹಿಂದಿನಿಂದ ಮುಂದಕ್ಕೆ ಓದಿ: ಅದರ ಮೂರು ನೆರೆಮನೆಗಳೂ ಅದೇ ವಠಾರದವಾದ್ದರಿಂದ ಅಲ್ಲಿನ ಅಂಕಿ 3. ಮೊದಲು ಅಂಕಿಯಿಂದ ಗಡಿ ಹುಟ್ಟಿತ್ತು, ಇಲ್ಲಿ ಗಡಿಯಿಂದ ಅಂಕಿ ಹುಟ್ಟಿತು. ಈ ಎರಡೂ ದಿಕ್ಕಿನ ಓಡಾಟದಲ್ಲೇ ಈ ಆಟದ ಸ್ವಾರಸ್ಯವೆಲ್ಲ ಇರುವುದು.

ಉಳಿದ ಅಂಕಿಗಳಿಗೆ ‘ಮಿಕ್ಕದ್ದರ ನಿಯಮ’ ಎಂದು ನಾನು ಕರೆಯುವ ಉಪಾಯ ನೆರವಾಗುತ್ತದೆ. ಮೊದಲ ಸಾಲಿನ ಮೂರು ಮನೆಗಳು ಮೊದಲ ವಠಾರದಲ್ಲಿವೆ; ಸಾಲಿಗೂ ವಠಾರಕ್ಕೂ ಅವೇ ನಾಲ್ಕು ಅಂಕಿಗಳು ಬೇಕಾದ್ದರಿಂದ, ಸಾಲಿನಲ್ಲಿ ಹೊರಗುಳಿದ ಬಲಮೂಲೆಯ ಮನೆಯಲ್ಲೂ ವಠಾರದಿಂದ ಸಾಲಿನಾಚೆಗೆ ಚಾಚಿದ ಮನೆಯಲ್ಲೂ ಒಂದೇ ಅಂಕಿ ಇರಬೇಕು. ಇದೇ ತರ್ಕದಿಂದ ಕೊನೆಯ ಸಾಲಿನ ಎಡಮೂಲೆಯ 4, ಮೂರನೆಯ ಸಾಲಿನ ಮೂರನೆಯ ಮನೆಗೆ ಬರುತ್ತದೆ. ಕೊನೆಯ ಕಂಬದ ತುದಿಯ 1, ಎರಡನೆಯ ಸಾಲಿನ ಮೂರನೆಯ ಮನೆಗೆ ಬರುತ್ತದೆ. ಮೂರನೆಯ ಕಂಬದಲ್ಲಿ ಉಳಿದ ಮೇಲಿನ ಮನೆಗೆ 2. ಮುಂದಿನದ್ದು ಸರಸರನೆ ಬೀಳುತ್ತದೆ:

1 3 2 4
2 4 1 3
3 1 4 2
4 2 3 1

ಒಂಬತ್ತು-ಒಂಬತ್ತರ ಚೌಕದಲ್ಲಿಯೂ ಇದೇ ಕ್ರಮ, ಆದರೆ ಅಷ್ಟು ಬೇಗ ಬಾಗಿಲುಗಳು ಮುಚ್ಚಿಕೊಳ್ಳುವುದಿಲ್ಲ. ಅಲ್ಲಿ ಬಣ್ಣದ ಪೆನ್ಸಿಲುಗಳು ಬೇಕು. ಒಂದೇ ಅಂಕಿ ಇರುವ ಎರಡು ಮನೆಗಳು ಎಂದಿಗೂ ಒಂದೇ ವಠಾರದವಲ್ಲ. ಆದ್ದರಿಂದ ಯಾವುದಾದರೊಂದು ಅಂಕಿ, ಉದಾಹರಣೆಗೆ 5, ಒಂಬತ್ತು ಕಡೆಯೂ ಗೊತ್ತಾಗಿದ್ದರೆ, ಆ ಒಂಬತ್ತು ಮನೆಗಳಿಗೆ ಒಂಬತ್ತು ಬೇರೆ ಬಣ್ಣ ಹಚ್ಚಿ ಅಲ್ಲಿಂದ ಬೆಳೆಸುತ್ತ ಹೋಗಬಹುದು. ವಠಾರದಲ್ಲಿ ಒಂಬತ್ತೇ ಮನೆಗಳಿರುವುದರಿಂದ ಒಂದು ಮನೆಯಿಂದ ಎಂಟು ಹೆಜ್ಜೆಗಿಂತ ದೂರವಿರುವ ಮನೆ ಅದರ ವಠಾರದ್ದಾಗಿರಲಾರದು. ಮೂಲೆಯಲ್ಲಿ ಸಿಕ್ಕಿಬಿದ್ದ ಖಾಲಿ ಜಾಗವನ್ನು ಕಂಡರೆ ಎಣಿಸಿ ನೋಡಿ: ಪೂರ್ತಿಯಾದ ವಠಾರಗಳೇ ಅದನ್ನು ಸುತ್ತುವರಿದಿದ್ದು, ಅದರಲ್ಲಿ ಒಂಬತ್ತರ ಮಡಿಯಷ್ಟು ಮನೆಗಳಿಲ್ಲದಿದ್ದರೆ ಎಲ್ಲೋ ತಪ್ಪಾಗಿದೆ ಎಂದೇ ಅರ್ಥ.

ಇನ್ನೆರಡು ನಿಯಮಗಳು ಮೇಲ್ನೋಟಕ್ಕೆ ಕಾಣುವುದಿಲ್ಲ, ಆದರೆ ಕಠಿಣ ಸಮಸ್ಯೆಗಳು ಬಹುಪಾಲು ಇವುಗಳ ಮೇಲೆಯೇ ನಿಂತಿರುತ್ತವೆ. ಎರಡು-ಎರಡರ ಯಾವ ಚೌಕದಲ್ಲೂ ಒಂದು ಕರ್ಣದ ಎರಡು ಮನೆಗಳು ಕೆಂಪು ವಠಾರಕ್ಕೂ ಇನ್ನೊಂದು ಕರ್ಣದ ಎರಡು ಮನೆಗಳು ನೀಲಿ ವಠಾರಕ್ಕೂ ಸೇರಿರಲಾರವು, ಏಕೆಂದರೆ ಕೆಂಪಿನವು ಸುತ್ತಿ ಬಂದು ಕೂಡಿಕೊಂಡರೆ ಒಂದು ನೀಲಿ ಮನೆ ಒಳಗೆ ಸೆರೆಯಾಗುತ್ತದೆ. ಹಾಗೆಯೇ, ಇಡೀ ಚೌಕದ ಹೊರ ಅಂಚನ್ನು ಒಂದು ಸುತ್ತು ಹಾಕುವಾಗ ಕೆಂಪು, ನೀಲಿ, ಮತ್ತೆ ಕೆಂಪು, ಮತ್ತೆ ನೀಲಿ ಎಂಬ ಕ್ರಮ ಎದುರಾಗಬಾರದು. ರೈಲು ಹಳಿಯು ಡೊಂಬಿವಲಿಯನ್ನು ಪೂರ್ವ, ಪಶ್ಚಿಮವೆಂದು ಸೀಳಿರುವಂತೆ, ಅಂಚಿನಿಂದ ಅಂಚಿಗೆ ಸಾಗುವ ಕೆಂಪು ವಠಾರ ಚೌಕವನ್ನು ಎರಡು ಪಾಲು ಮಾಡುತ್ತದೆ. ನಮ್ಮ ಊರಿನಲ್ಲಿ ದಾಟಲು ಮೇಲ್ಸೇತುವೆಯಿದೆ, ಇಲ್ಲಿ ಅದೂ ಇಲ್ಲ.

ಬಣ್ಣ ಹಚ್ಚುವಾಗ ಖಚಿತವಾದುದಕ್ಕೆ ಮಾತ್ರ ಗಾಢವಾಗಿ ಹಚ್ಚಿ, ಸಂಶಯವಿರುವಲ್ಲಿ ಮೂಲೆಯಲ್ಲಿ ಚಿಕ್ಕ ಚುಕ್ಕಿ ಇಡಿ. ಎರಡು ಮನೆಗಳು ಒಂದೇ ವಠಾರದವಲ್ಲ ಎಂದು ಗೊತ್ತಾದ ಕ್ಷಣವೇ ನಡುವೆ ಗೋಡೆ ಎಳೆಯಿರಿ, ಯಾವ ವಠಾರವೆಂದು ತಿಳಿಯುವವರೆಗೆ ಕಾಯಬೇಡಿ. ಒಮ್ಮೆ ನಾನು ಮೂವರ ಬೆಂಚಿಗೆ ನಾಲ್ಕನೆಯವನಾಗಿ ತುದಿಯಲ್ಲಿ ಅರ್ಧ ಕುಳಿತು, ಹಸಿರು ವಠಾರವನ್ನು ಎಣಿಸದೆ ಬೆಳೆಸುತ್ತ ಹೋಗಿ, ಕುರ್ಲಾ ದಾಟುವಾಗ ನೋಡಿದರೆ ಅದರಲ್ಲಿ ಹತ್ತು ಮನೆಗಳಿದ್ದವು. ಯಾವುದು ಹೆಚ್ಚಿನದೆಂದು ಹುಡುಕಲು ಗೋಡೆಗಳನ್ನೇ ಎಳೆದಿರಲಿಲ್ಲ. ಅಳಿಸಿ ಅಳಿಸಿ ಕಾಗದ ಹರಿಯಿತು. ಅಂದಿನಿಂದ ಪ್ರತಿ ವಠಾರದ ಮನೆಗಳ ಎಣಿಕೆಯನ್ನು ಚೌಕದ ಪಕ್ಕದಲ್ಲಿ ಅದೇ ಬಣ್ಣದಲ್ಲಿ ಬರೆದಿಡುತ್ತೇನೆ, ಒಂಬತ್ತಾದ ಕೂಡಲೇ ಅದರ ಸುತ್ತಲೂ ಗೋಡೆ ಮುಚ್ಚುತ್ತೇನೆ.